ವೇಗ ಹೆಚ್ಚಿತು, ಲೆಕ್ಕ ತಪ್ಪಿತೇ?

ಜನವರಿಯ ಚಳಿಯಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಮೇ ತಿಂಗಳ ಮಧ್ಯಾಹ್ನ ಇದ್ದಕ್ಕಿದ್ದಂತೆ ಮುನಿಸಿಕೊಂಡು ಕೂರುವುದೇಕೆ? ವೈರಸ್ ಬಂದಿರಬೇಕು ಎನ್ನುತ್ತಾರೆ ಒಬ್ಬರು. ಕರೆಂಟೇ ಸರಿಯಿಲ್ಲ ಎನ್ನುತ್ತಾರೆ ಇನ್ನೊಬ್ಬರು. ‘ಅದರ ಮುಂದ ಕುಂತು ಕುಂತು ನೀನ ಕೆಡಿಸೀದಿ’ ಎಂದು ಮನೆಯ ಹಿರಿಯರು ಮಗನ ಮೇಲೆ ಹಾಕುತ್ತಾರೆ. ವಿಚಿತ್ರವೆಂದರೆ, ಕೆಲವು ಮನೆಗಳಲ್ಲಿ ಹಿರಿಯರ ಮಾತೇ ನಿಜವಾಗಿರುತ್ತದೆ! ಪರೀಕ್ಷೆ ಮುಗಿದ ಬಿಡುವಿನಲ್ಲಿ ಹುಡುಗ ‘ಬಯೋಸ್’ ಹೊಕ್ಕು ನಾಲ್ಕಾರು ಅಂಕಿಗಳನ್ನು ಬದಲಾಯಿಸಿರುತ್ತಾನೆ. ಯಂತ್ರ ಮೊದಲಿಗಿಂತ ಚುರುಕಾಗಿದೆ ಎಂದು ಗೆಳೆಯರ ಮುಂದೆ ಹೇಳಿಕೊಂಡೂ ಆಗಿರುತ್ತದೆ. ಈ ವಿದ್ಯೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಮನೆಮಂದಿ ಏಳುವ ಮೊದಲೇ ಎದ್ದು, ಅಂಗಳ ಗುಡಿಸಿ, ಒಲೆ ಹೊತ್ತಿಸಿ, ಯಾರಾರಿಗೆ ಏನೇನು ಕೆಲಸ ಎಂದು ಗೊತ್ತುಮಾಡುವ ಅಜ್ಜಿಯೊಬ್ಬಳು ಹಳೆಯ ಮನೆಗಳಲ್ಲಿ ಇರುತ್ತಿದ್ದಳಲ್ಲ, ಬಯೋಸ್ ಕಂಪ್ಯೂಟರಿನ ಅಂಥ ಅಜ್ಜಿ. ಗುಂಡಿ ಒತ್ತಿದ ಕೂಡಲೇ, ವಿಂಡೋಸ್ ಕಣ್ಣು ಬಿಡುವ ಮೊದಲೇ, ಅದು ಎದ್ದು ಪ್ರೊಸೆಸರ್ ಎಷ್ಟು ವೇಗದಲ್ಲಿ ನಡೆಯಬೇಕು, ಮೆಮೊರಿ ಯಾವ ತಾಳಕ್ಕೆ ಹೆಜ್ಜೆ ಹಾಕಬೇಕು, ಯಾರಿಗೆ ಎಷ್ಟು ವೋಲ್ಟೇಜ್ ಎಂದು ನಿರ್ಧರಿಸುತ್ತದೆ. ಇಂದಿನ ಯಂತ್ರಗಳಲ್ಲಿ ಇದರ ಜಾಗಕ್ಕೆ ‘ಯುಇಎಫ್‌ಐ’ ಬಂದಿದ್ದರೂ ಜನರ ಬಾಯಲ್ಲಿ ಉಳಿದಿರುವುದು ಬಯೋಸ್ ಎಂಬ ಹೆಸರೇ. ಯಂತ್ರ ಏಳುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ ಅದರ ಕೋಣೆಯ ಬಾಗಿಲು ತೆರೆಯುತ್ತದೆ.

ಒಳಗಿನ ಲೆಕ್ಕ ಸರಳ. ಮದರ್‌ಬೋರ್ಡಿನ ಮೂಲ ತಾಳ ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಅದನ್ನು 40ರಿಂದ ಗುಣಿಸಿದರೆ ಪ್ರೊಸೆಸರಿನ ವೇಗ 4 ಗಿಗಾಹರ್ಟ್ಸ್. ಗುಣಕವನ್ನು 44 ಮಾಡಿದರೆ 4.4. ಈ ಆಟದ ಚರಿತ್ರೆಯಲ್ಲಿ 1998ನೇ ಇಸವಿಗೆ ವಿಶೇಷ ಸ್ಥಾನವಿದೆ. ಆ ವರ್ಷ ಇಂಟೆಲ್ ಹೊರತಂದ ಅಗ್ಗದ ‘ಸೆಲೆರಾನ್ 300ಎ’ 66 ಮೆಗಾಹರ್ಟ್ಸ್ ತಾಳಕ್ಕೆ 4.5ರ ಗುಣಕದಿಂದ 300 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತಿತ್ತು. ತಾಳವನ್ನು 100ಕ್ಕೆ ಏರಿಸಿದವರಿಗೆ ಅದೇ ಚಿಪ್ 450 ಮೆಗಾಹರ್ಟ್ಸ್ ಕೊಟ್ಟಿತು. ಕಾಸು ಬಿಚ್ಚದೆ ಒಂದೂವರೆ ಪಟ್ಟು ವೇಗ! ಜಗತ್ತಿನ ತುಂಬ ವಿದ್ಯಾರ್ಥಿಗಳಿಗೆ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಅಷ್ಟು ವೇಗ ಬಚ್ಚಿಟ್ಟುಕೊಂಡಿತ್ತಾದರೂ ಎಲ್ಲಿ? ಚಿಪ್ ತಯಾರಿಸುವವರು ಪ್ರತಿ ಚಿಪ್ಪಿಗೂ ಒಂದಿಷ್ಟು ಉಳಿಕೆ ಇಟ್ಟಿರುತ್ತಾರೆ. ಅದು ತಂಪು ದೇಶಕ್ಕೂ ಹೋಗಬಹುದು, ಸುಡುಬಿಸಿಲಿನ ಊರಿಗೂ ಹೋಗಬಹುದು. ವರ್ಷಗಳು ಕಳೆದಂತೆ ಸವೆಯುತ್ತದೆ. ಧೂಳು ತುಂಬಿದ ಪೆಟ್ಟಿಗೆಯಲ್ಲಿ ಕೂರಬೇಕಾದೀತು. ಇವೆಲ್ಲದರ ನಡುವೆಯೂ ಲೆಕ್ಕ ತಪ್ಪಬಾರದೆಂದು ಸ್ವಲ್ಪ ಕಡಿಮೆ ವೇಗಕ್ಕೇ ಅದನ್ನು ನಿಗದಿ ಮಾಡುತ್ತಾರೆ. ಓವರ್‌ಕ್ಲಾಕ್ ಮಾಡುವವನು ಖರ್ಚು ಮಾಡುವುದು ಈ ಉಳಿಕೆಯನ್ನೇ. ಹಾಗಾದರೆ ವಿಜಯಪುರದ ವಿದ್ಯಾರ್ಥಿ ಒಂದು ಮಾತು ನೆನಪಿಡಬೇಕು. ಆ ಉಳಿಕೆಯನ್ನು ಇಟ್ಟದ್ದು ಅವನ ಊರಿನ ಮೇ ತಿಂಗಳಿನಂಥ ದಿನಗಳಿಗಾಗಿಯೇ.

ಫ್ಯಾನು ಎಷ್ಟೇ ಜೋರಾಗಿ ತಿರುಗಲಿ, ಅದು ಚಿಪ್ಪಿನ ಮೇಲೆ ಊದುವುದು ಕೋಣೆಯ ಗಾಳಿಯನ್ನೇ. ಕೋಣೆ 25 ಡಿಗ್ರಿ ಇದ್ದಾಗ 75 ಡಿಗ್ರಿಗೆ ಕಾಯುವ ಪ್ರೊಸೆಸರ್, ಅದೇ ಕೆಲಸಕ್ಕೆ ಕೋಣೆ 40 ಡಿಗ್ರಿ ಆದಾಗ ಹೆಚ್ಚುಕಡಿಮೆ 90ಕ್ಕೆ ಏರುತ್ತದೆ. 95ರಿಂದ 100 ಡಿಗ್ರಿಯ ಹತ್ತಿರ ಬಂದರೆ ಇಂದಿನ ಹಲವು ಪ್ರೊಸೆಸರ್‌ಗಳು ಜೀವ ಉಳಿಸಿಕೊಳ್ಳಲು ತಾವಾಗಿಯೇ ವೇಗ ಇಳಿಸುತ್ತವೆ. ಕಷ್ಟಪಟ್ಟು ಏರಿಸಿದ ವೇಗ ಬೇಸಿಗೆಯಲ್ಲಿ ಹೀಗೆ ತಾನೇ ಕರಗಿಹೋಗುತ್ತದೆ.

ತಿಕೋಟಾದ ರೈತರಿಗೆ ಗಾಳಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದ್ರಾಕ್ಷಿಯನ್ನು ಒಣಗಿಸುವ ಶೆಡ್ಡುಗಳಲ್ಲಿ ಮೇಲೆ ನೆರಳು, ನಾಲ್ಕೂ ಕಡೆ ಬಯಲು, ಬಲೆಯ ಅಂತಸ್ತುಗಳ ನಡುವೆ ಗಾಳಿ ಆಡಲು ಜಾಗ. ಒಂದು ಕಡೆ ಗಾಳಿ ಕಟ್ಟಿದರೆ ಆ ಭಾಗದ ಮಾಲು ಕೆಟ್ಟಿತೆಂದೇ ಲೆಕ್ಕ. ಕಂಪ್ಯೂಟರಿನ ಕ್ಯಾಬಿನೆಟ್ಟಿಗೂ ಇದೇ ನಿಯಮ. ಗೋಡೆಗೆ ಒತ್ತಿ ಇಟ್ಟ, ಮೇಜಿನ ಕೆಳಗಿನ ಗೂಡಿಗೆ ತುರುಕಿದ, ಧೂಳು ಹಿಡಿದ ಪೆಟ್ಟಿಗೆಯಲ್ಲಿ ಅಂಕಿ ಏರಿಸಲು ಹೊರಡುವುದಕ್ಕಿಂತ ಮೊದಲು ಅದನ್ನು ಹೊರಗೆಳೆದು ಸ್ವಚ್ಛ ಮಾಡುವುದೇ ಜಾಣತನ.

ಇನ್ನು ವೋಲ್ಟೇಜಿನ ಮಾತು. ಬಬಲೇಶ್ವರದ ಕಡೆ ಬೋರ್‌ವೆಲ್ ಇರುವ ಮನೆಯಲ್ಲಿ ಬೆಳೆದ ಮಕ್ಕಳು ‘ತಮ್ಮಾ, ವೋಲ್ಟೇಜ್ ಕಮ್ಮಿ ಐತಿ, ಮೋಟರ್ ಚಾಲೂ ಮಾಡಬ್ಯಾಡ, ವೈಂಡಿಂಗ್ ಸುಟ್ಟೀತು’ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ಚಿಪ್ಪಿನ ಸ್ವಭಾವ ಬೇರೆ. ವೇಗ ಏರಿಸಿ ವೋಲ್ಟೇಜ್ ಏರಿಸದಿದ್ದರೆ ಅದು ಸುಡುವುದಿಲ್ಲ, ಲೆಕ್ಕ ತಪ್ಪುತ್ತದೆ. ವೋಲ್ಟೇಜ್ ಏರಿಸಿದರೆ ಲೆಕ್ಕ ಸರಿಹೋಗಬಹುದು, ಆದರೆ ಕಾವು ಹೆಚ್ಚುತ್ತದೆ, ಆಯುಷ್ಯ ಸವೆಯುತ್ತದೆ. ಚಿಪ್ ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ವೇಗಕ್ಕೂ ಅನುಗುಣವಾಗಿ ಏರುತ್ತದೆಂದು ಭೌತಶಾಸ್ತ್ರ ಓದುವವರಿಗೆ ಗೊತ್ತು. ಎರಡನ್ನೂ ಶೇಕಡ 10ರಷ್ಟು ಏರಿಸಿದರೆ 1.1 ಗುಣಿಸು 1.1 ಗುಣಿಸು 1.1, ಅಂದರೆ ಸುಮಾರು 1.33. ಶೇಕಡ 10ರ ವೇಗಕ್ಕೆ ಶೇಕಡ 33ರಷ್ಟು ಹೆಚ್ಚು ಕಾವು! ಲಾಭವೆಷ್ಟು? ಒಂದು ಗಂಟೆಯ ಕೆಲಸ ಹೆಚ್ಚೆಂದರೆ ಐದೂವರೆ ನಿಮಿಷ ಬೇಗ ಮುಗಿದೀತು.

ಮೆಮೊರಿಯ ಕಥೆ ಇನ್ನೂ ಸ್ವಾರಸ್ಯಕರ. ಪೆಟ್ಟಿಗೆಯ ಮೇಲೆ 3200 ಎಂದು ಬರೆದ ಡಿಡಿಆರ್4 ರ‍್ಯಾಮ್ ತಂದು ಹಾಕಿದರೂ ಎಷ್ಟೋ ಮನೆಗಳಲ್ಲಿ ಅದು 2133 ಅಥವಾ 2666ರಲ್ಲೇ ತೆವಳುತ್ತಿರುತ್ತದೆ. ಬಯೋಸಿನಲ್ಲಿ ‘ಎಕ್ಸ್‌ಎಂಪಿ’ ಎಂಬ ಆಯ್ಕೆಯನ್ನು ತೆರೆಯುವ ತನಕ ಹಾಗೆಯೇ. ಕೊಟ್ಟ ಹಣಕ್ಕೆ ಪೂರ್ತಿ ಮಾಲು ಪಡೆಯಲು ಇದೊಂದು ಹೆಜ್ಜೆಯೇ ಸಾಕಾದೀತು. ಆದರೂ ಇದು ವೋಲ್ಟೇಜನ್ನು 1.2ರಿಂದ ಸಾಮಾನ್ಯವಾಗಿ 1.35ಕ್ಕೆ ಏರಿಸುವ ಓವರ್‌ಕ್ಲಾಕಿಂಗೇ ಎಂಬುದನ್ನು ಮರೆಯಬಾರದು. ವಾರಂಟಿಯ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ದೊಡ್ಡ ಅಂಕಿಯೆಲ್ಲ ದೊಡ್ಡ ಲಾಭವಲ್ಲ. 3200ರ ರ‍್ಯಾಮಿನ ನಿಜವಾದ ತಾಳ 1600 ಮೆಗಾಹರ್ಟ್ಸ್, ಒಂದು ಹೆಜ್ಜೆಗೆ 0.625 ನ್ಯಾನೋಸೆಕೆಂಡ್. ಕೇಳಿದ ಮಾಹಿತಿ ಕೊಡಲು ಅದು 16 ಹೆಜ್ಜೆ ತೆಗೆದುಕೊಂಡರೆ ಒಟ್ಟು 10 ನ್ಯಾನೋಸೆಕೆಂಡ್. 3600ರ ರ‍್ಯಾಮ್ 18 ಹೆಜ್ಜೆ ತೆಗೆದುಕೊಂಡರೆ? ಅದೂ 10 ನ್ಯಾನೋಸೆಕೆಂಡೇ! ಹೊತ್ತು ತರುವ ಹೊರೆ ಹೆಚ್ಚಾಗಬಹುದು, ಮೊದಲ ಬಾರಿ ಬಾಗಿಲಿಗೆ ಬರುವ ಹೊತ್ತು ಅಷ್ಟೇ. ಅಂಗಡಿಗೆ ಹೋಗುವ ಮೊದಲು ಮಕ್ಕಳು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತಂದೆಗೆ ತೋರಿಸಬಹುದು.

ರ‍್ಯಾಮಿನ ಒಂದೊಂದು ಕೋಶವೂ ತೂತಿರುವ ಪುಟ್ಟ ಕೊಡ. ಅದರಲ್ಲಿ ತುಂಬಿದ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಆದ್ದರಿಂದ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದನ್ನೂ ಮತ್ತೆ ತುಂಬುತ್ತಿರಬೇಕು. ಕಾವು ಹೆಚ್ಚಿದಂತೆ ಸೋರಿಕೆಯೂ ಹೆಚ್ಚು. ಒಂದು ಕೊಡ ಹೊತ್ತಿಗೆ ಮುಂಚೆ ಬರಿದಾದರೆ 1 ಇದ್ದ ಜಾಗದಲ್ಲಿ 0 ಕೂರುತ್ತದೆ. ಅಪಾಯವಿರುವುದು ಇಲ್ಲಿಯೇ. ಯಂತ್ರ ನಿಂತುಹೋದರೆ, ನೀಲಿ ಪರದೆ ಬಂದರೆ ಅದು ಪುಣ್ಯ, ತಪ್ಪಾಗಿದೆಯೆಂದು ತಿಳಿಯುತ್ತದೆ. ಎಷ್ಟೋ ತಪ್ಪುಗಳು ಸದ್ದು ಮಾಡುವುದಿಲ್ಲ. ಅಂತಿಮ ವರ್ಷದ ಪ್ರಾಜೆಕ್ಟ್ ವರದಿ, ಅಕ್ಕನ ಮದುವೆಯ ಫೋಟೋ, ತೋಟದ ವರ್ಷದ ಲೆಕ್ಕ ಎಲ್ಲವೂ ‘ಸೇವ್’ ಆದಂತೆ ತೋರಿ, ಆರು ತಿಂಗಳ ನಂತರ ತೆರೆಯಲು ಹೋದಾಗ ಕೆಟ್ಟಿರುತ್ತವೆ. ಅಷ್ಟರಲ್ಲಿ ಬ್ಯಾಕಪ್‌ಗೂ ಕೆಟ್ಟದ್ದೇ ಹೋಗಿರುತ್ತದೆ.

ಇದು ಸಣ್ಣ ಊರಿನ ಹಳೆಯ ಯಂತ್ರಗಳ ಪಾಡು ಮಾತ್ರವಲ್ಲ. 2021ರಲ್ಲಿ ಫೇಸ್‌ಬುಕ್‌ನ ಎಂಜಿನಿಯರುಗಳು ತಮ್ಮ ಕಂಪ್ಯೂಟರುಗಳಲ್ಲಿ ಕಂಡ ಒಂದು ತಪ್ಪನ್ನು ಪ್ರಕಟಿಸಿದರು. 1.1ರ 53ನೇ ಘಾತದ ಪೂರ್ಣಾಂಕ 156 ಬರಬೇಕು. ದೋಷವಿದ್ದ ಪ್ರೊಸೆಸರಿನ ಒಂದು ಭಾಗ ಅದಕ್ಕೆ 0 ಎಂದು ಉತ್ತರ ಕೊಡುತ್ತಿತ್ತು. ಆ ಉತ್ತರವನ್ನು ನಂಬಿದ ತಂತ್ರಾಂಶ, ಕಡತದ ಗಾತ್ರ ಸೊನ್ನೆಯೆಂದು ತಿಳಿದು ಅದನ್ನು ಬಿಟ್ಟೇ ಮುಂದೆ ಹೋಯಿತು. ಯಾರೂ ಅಲ್ಲಿ ವೇಗ ಏರಿಸಿರಲಿಲ್ಲ. ವೋಲ್ಟೇಜಿನ ವಿಷಯದಲ್ಲಿ ತಯಾರಕರೂ ಎಡವಿದ್ದುಂಟು. ತನ್ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಪಡೆದು ಅಸ್ಥಿರವಾಗುತ್ತಿವೆ ಎಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡಿತು. ಬಯೋಸ್ ಮೂಲಕ ತಿದ್ದುಪಡಿ ಕಳಿಸಿ, ವಾರಂಟಿಯನ್ನು ಎರಡು ವರ್ಷ ಮುಂದುವರಿಸಿತು.

ಹಾಗಾದರೆ ಮಕ್ಕಳು ಬಯೋಸ್ ಮುಟ್ಟಲೇಬಾರದೇ? ಹಾಗೇನೂ ಇಲ್ಲ. ಯಂತ್ರದ ಒಳಗುಟ್ಟನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಮನೆಯಲ್ಲಿ ಸಿಗುವುದು ಕಷ್ಟ. ಆದರೆ ಪ್ರಯೋಗಶಾಲೆಯ ಶಿಸ್ತು ಇರಬೇಕು. ಬೇಕಾದ ಕಡತಗಳನ್ನು ಮೊದಲು ಬೇರೆ ಕಡೆ ಉಳಿಸಿಡಬೇಕು. ಮೂಲ ಅಂಕಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಅಂಕಿ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ತಪ್ಪಿತಸ್ಥ ಯಾವುದೆಂದು ತಿಳಿಯದು. ಪ್ರತಿ ಬದಲಾವಣೆಯ ನಂತರ ‘ಮೆಮ್‌ಟೆಸ್ಟ್86+’ ಎಂಬ ಉಚಿತ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಬೇಕು. ಅದು ಒಂದೇ ಒಂದು ತಪ್ಪು ತೋರಿಸಿದರೂ ಆ ಸೆಟ್ಟಿಂಗ್ ಬೇಡ. ‘ಒಂದೇ ಅಲ್ಲವೇ’ ಎನ್ನುವಂತಿಲ್ಲ.

ಮೆಮೊರಿಯ ಅಂಕಿ ಬದಲಾಯಿಸಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿ ಉಳಿದು, ಯಂತ್ರ ತಾನೇ ಎರಡು ಮೂರು ಸಲ ಆರಿ ಹೊತ್ತಬಹುದು. ಗಾಬರಿ ಬೇಡ. ಬಹಳ ಹೊತ್ತಾದರೂ ಏಳದಿದ್ದರೆ ವೈರು ಕಿತ್ತು, ಮದರ್‌ಬೋರ್ಡಿನ ಪುಸ್ತಕದಲ್ಲಿ ಹೇಳಿದಂತೆ ಸಿಮೋಸ್ ಅಳಿಸಿದರೆ ಹಳೆಯ ಅಂಕಿಗಳು ಮರಳುತ್ತವೆ. ಬಯೋಸನ್ನೇ ಹೊಸದಾಗಿಸುವ ಕೆಲಸವನ್ನಂತೂ ಯುಪಿಎಸ್ ಇಲ್ಲದೆ ಮಾಡಲೇಬಾರದು. ನಡುವೆ ಕರೆಂಟು ಹೋದರೆ ಬೋರ್ಡೇ ಮೂಲೆ ಸೇರೀತು. ಇನ್ನೂ ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರವಾದರೆ ಈ ಎಲ್ಲ ಸಾಹಸಕ್ಕಿಂತ ಒಂದು ಎಸ್‌ಎಸ್‌ಡಿ ಹಾಕಿಸುವುದರಿಂದಲೇ ಹೆಚ್ಚು ಚುರುಕು ಬರುತ್ತದೆ.

ವಿಜಯಪುರದ ವಿದ್ಯಾರ್ಥಿಗಳು ಗೋಳಗುಮ್ಮಟವನ್ನು ನೂರು ಸಲ ನೋಡಿರುತ್ತಾರೆ. ಊರಿನ ಹಳೆಯ ನೀರಿನ ಗೋಪುರಗಳನ್ನು ನಿಂತು ನೋಡಿದವರು ಕಡಿಮೆ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯಿಂದಲೂ 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದಲೂ ನಗರಕ್ಕೆ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದ್ದರು. ಕೊಳವೆಯೊಳಗಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಕೆಸರು ತಳ ಸೇರುತ್ತಿತ್ತು. ನೀರು ಬೇಗ ಬರಬೇಕೆಂಬ ಆಸೆ ಅವರಿಗೂ ಇದ್ದಿರಬೇಕು. ಆದರೂ ಕೊಳವೆ ತಡೆಯುವ ಒತ್ತಡ ಎಷ್ಟೆಂದು ತಿಳಿದು, ಅದಕ್ಕೆ ಜಾಗ ಬಿಟ್ಟು ಕಟ್ಟಿದರು.

ಮನೆಯಲ್ಲಿ ಕಂಪ್ಯೂಟರ್ ಬಗ್ಗೆ ಏನೂ ತಿಳಿಯದ ತಂದೆತಾಯಿಯೂ ಮಗನನ್ನೋ ಮಗಳನ್ನೋ ಎರಡು ಪ್ರಶ್ನೆ ಕೇಳಬಹುದು. ‘ಎಷ್ಟು ಜೋರು ಓಡತೈತಿ’ ಎಂದಲ್ಲ. ‘ಲೆಕ್ಕ ತಪ್ಪೂದಿಲ್ಲಂತ ನೋಡೀದೇನು? ಬ್ಯಾಸಗ್ಯಾಗ ಮತ್ತೊಮ್ಮೆ ನೋಡೀದೇನು?’ ಎಂದು. ನೋಟ್‌ಬುಕ್ ತೆರೆದು ದಿನಾಂಕ, ಅಂಕಿ, ಡಿಗ್ರಿ ತೋರಿಸಬಲ್ಲ ಮಕ್ಕಳ ಕೈಗೆ ಬಯೋಸನ್ನು ಧಾರಾಳವಾಗಿ ಕೊಡಬಹುದು.