ಹಿಂದ ಏನಿತ್ತು?

ಪಿಎಚ್.ಡಿ.ಯ ಮೂರನೇ ವರ್ಷ ನನ್ನ ಎರಡನೇ ಅಧ್ಯಾಯ ನಾಲ್ಕನೇ ಸಲ ವಾಪಸ್ ಬಂತು. ವಾರಪತ್ರಿಕೆಗಳಲ್ಲಿ ಬಂದ ಧಾರಾವಾಹಿ ಕಾದಂಬರಿಗಳ ಬಗ್ಗೆ ನನ್ನ ಸಂಶೋಧನೆ. ಗೈಡ್ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆಯನ್ನು ಮೂರು ಕಡೆ ಬರೆದಿದ್ದರು: ‘ಓದುಗರು ಎಲ್ಲಿ?’ ಸಿಟ್ಟಿಗೆ ಆ ಹಾಳೆಗಳನ್ನು ಹರಿಯಬಹುದಿತ್ತು, ಯಾಕೋ ಕತ್ತರಿ ತೆಗೆದುಕೊಂಡೆ. ಕತ್ತರಿಸಿ ಮುಗಿಸಿ ನೋಡಿದರೆ ಕೆಂಪು ಗೆರೆಯಿದ್ದ ಪಟ್ಟಿಗಳು ಹಾಸ್ಟೆಲ್ ಕೋಣೆಯ ನೆಲದ ಮೇಲೆ ಮಸಾರಿ ಹೊಲದ ಬದುಗಳ ಹಾಗೆ ಬಿದ್ದಿದ್ದವು. ಒಂದು ಹಳೆಯ ರಟ್ಟಿಗೆ ಅವನ್ನು ಅಂಟಿಸಿದೆ. ಅದು ನನ್ನ ಮೊದಲ ಕೊಲಾಜ್. ಅಧ್ಯಾಯವೇನೂ ಮುಂದೆ ಹೋಗಲಿಲ್ಲ, ಆದರೆ ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ತೊಂದರೆ ಶುರುವಾದದ್ದು ಎರಡನೆಯದಕ್ಕೆ. ಅಂಥ ಸಿಟ್ಟು ಮತ್ತೆ ಬರಲಿಲ್ಲ. ಏನು ಮಾಡಲಿ ಎಂದು ಫೋನಿನಲ್ಲಿ ಹುಡುಕಿದರೆ ಸಾವಿರಾರು ಚಿತ್ರಗಳು: ತಲೆಯ ಜಾಗದಲ್ಲಿ ಹೂಗುಚ್ಛ, ಚಹಾ ಕಪ್ಪಿನಲ್ಲಿ ಚಂದ್ರ. ಅವನ್ನೇ ನೋಡಿ ಎರಡು ಮಾಡಿದೆ. ಚೆಂದವಾಗಿಯೇ ಬಂದವು. ಆದರೆ ಅವು ನನ್ನವು ಅನ್ನಿಸಲಿಲ್ಲ.

ಆಗ ಗ್ರಂಥಾಲಯದಲ್ಲಿ ಕೊಲಾಜಿನ ಚರಿತ್ರೆ ಓದತೊಡಗಿದೆ. ಸಂಶೋಧನಾ ವಿದ್ಯಾರ್ಥಿಗೆ ಕೈ ಓಡದಿದ್ದರೆ ಇನ್ನೇನು ಮಾಡಲು ಬರುತ್ತದೆ? ‘ಅಂಟಿಸು’ ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಆ ಹೆಸರು ಬಂದಿದೆ. 1912ರಲ್ಲಿ ಪಿಕಾಸೊ, ಬೆತ್ತದ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯೊಂದನ್ನು ಕ್ಯಾನ್ವಾಸಿಗೆ ಅಂಟಿಸಿ, ಚೌಕಟ್ಟಿಗೆ ಬದಲು ಸುತ್ತಲೂ ಹಗ್ಗ ಕಟ್ಟಿದ. ಅದೇ ವರ್ಷ ಬ್ರಾಕ್, ಅಂಗಡಿಯಲ್ಲಿ ಕಂಡ ಮರದ ಗೆರೆಗಳ ಗೋಡೆಕಾಗದವನ್ನು ಕೊಂಡುತಂದು ತನ್ನ ಚಿತ್ರದೊಳಗೆ ಸೇರಿಸಿದ. ಜರ್ಮನಿಯ ಕುರ್ಟ್ ಶ್ವಿಟ್ಟರ್ಸ್ ತನ್ನ ಇಡೀ ಕಲೆಗೆ ಇಟ್ಟ ‘ಮೆರ್ಟ್ಸ್’ ಎಂಬ ಹೆಸರು ಕೂಡ ಬ್ಯಾಂಕೊಂದರ ಜಾಹೀರಾತಿನಲ್ಲಿದ್ದ ‘ಕೊಮೆರ್ಟ್ಸ್’ ಎಂಬ ಪದದಿಂದ ಕತ್ತರಿಸಿ ಉಳಿದ ತುಂಡು. ನನಗೆ ಬಹಳ ಹತ್ತಿರವಾದವಳು ಬರ್ಲಿನ್ನಿನ ಹಾನ್ನಾ ಹೋಖ್. ದೊಡ್ಡ ಪ್ರಕಾಶನ ಸಂಸ್ಥೆಯೊಂದರಲ್ಲಿ ಹೆಂಗಸರ ಪತ್ರಿಕೆಗಳಿಗೆ ಕಸೂತಿ, ಹೆಣಿಗೆಯ ನಮೂನೆ ಮಾಡಿಕೊಡುವುದು ಅವಳ ನೌಕರಿ. ಅಂಥ ಸಚಿತ್ರ ಪತ್ರಿಕೆಗಳ ಫೋಟೊಗಳನ್ನೇ ಕತ್ತರಿಸಿ ತನ್ನ ಕಾಲದ ರಾಜಕಾರಣಿಗಳನ್ನು ಅವಳು ಗೇಲಿ ಮಾಡಿದಳು.

ಇವರಲ್ಲಿ ಯಾರೂ ಐಡಿಯಾಕ್ಕಾಗಿ ಕಾದು ಕೂತಂತೆ ಕಾಣಲಿಲ್ಲ. ಕಾಗದ ಮೊದಲು ಕೈಗೆ ಬಂದಿತ್ತು, ಚಿತ್ರ ಆಮೇಲೆ. ಸರಿ, ನಾನೂ ಧಾರವಾಡದ ರದ್ದಿ ಅಂಗಡಿಗಳಿಗೆ ಹೋಗತೊಡಗಿದೆ. ಕಿಲೋ ಲೆಕ್ಕದಲ್ಲಿ ತಂದ ಹಳೆಯ ಪತ್ರಿಕೆ, ಲಗ್ನಪತ್ರಿಕೆ, ಕ್ಯಾಲೆಂಡರು, ಔಷಧಿ ಡಬ್ಬಿ ಎಲ್ಲವನ್ನೂ ಕತ್ತರಿಸಿ ಲಕೋಟೆಗಳಲ್ಲಿ ತುಂಬಿದೆ. ಒಂದರ ಮೇಲೆ ‘ನೀಲಿ’, ಇನ್ನೊಂದರ ಮೇಲೆ ‘ಕೈಗಳು’, ಮತ್ತೊಂದರ ಮೇಲೆ ‘ಬಾಗಿಲು-ಕಿಟಕಿ’ ಎಂದು ಬರೆದಿಟ್ಟೆ. ಟೇಬಲ್ಲಿನ ಮೇಲೆ ಎರಡು ತುಂಡು ಅಕಸ್ಮಾತ್ ಪಕ್ಕಪಕ್ಕ ಬಿದ್ದರೆ ಸಾಕು, ಮೂರನೆಯದು ಯಾವುದೆಂದು ಅವೇ ಹೇಳುತ್ತಿದ್ದವು.

ಆ ವರ್ಷ ದೀಪಾವಳಿಗೆ ಊರಿಗೆ ಹೋದೆ. ಅಟ್ಟದ ಟ್ರಂಕಿನಲ್ಲಿ ಅವ್ವನ ಬೈಂಡು ಪುಸ್ತಕಗಳಿದ್ದವು. ವಾರವಾರ ಧಾರಾವಾಹಿಯ ಪುಟಗಳನ್ನು ಬಿಡಿಸಿಟ್ಟು, ಮುಗಿದ ಮೇಲೆ ಹೊಲಿಸಿ ಬೈಂಡು ಹಾಕಿಸುವುದು ಆಗ ಎಷ್ಟೋ ಮನೆಗಳಲ್ಲಿದ್ದ ರೂಢಿ. ಒಂದರ ಕೊನೆಯ ಕಂತಿನಲ್ಲಿ, ಕಿಟಕಿಯ ಸರಳು ಹಿಡಿದು ನಿಂತ ಹೆಂಗಸಿನ ಚಿತ್ರವಿತ್ತು. ‘ಬಾಗಿಲು-ಕಿಟಕಿ’ ಲಕೋಟೆಗೆ ಹೇಳಿ ಮಾಡಿಸಿದ ಹಾಗಿತ್ತು. ಕೇಳಬೇಕು ಎಂದೂ ಹೊಳೆಯಲಿಲ್ಲ. ಕತ್ತರಿಸಿದೆ. ಅಂದೇ ರಾತ್ರಿ ಒಂದು ನೀಲಿ ಹಾಳೆಯ ಮೇಲೆ ಫೆವಿಕಾಲ್ ಹಚ್ಚಿ ಅಂಟಿಸಿದೆ. ಅಲ್ಲಿಯವರೆಗಿನ ನನ್ನ ಕೆಲಸಗಳಲ್ಲಿ ಅದೇ ಚಲೋ ಬಂದದ್ದು.

ಬೆಳಿಗ್ಗೆ ಖುಷಿಯಿಂದ ಅವ್ವನಿಗೆ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, “ಹಿಂದ ಏನಿತ್ತು ನೋಡಿದ್ಯೇನು?”

ನೋಡಿರಲಿಲ್ಲ. ಹಿಂದೆ ಕಾದಂಬರಿಯ ಕೊನೆಯ ಸಾಲುಗಳಿದ್ದವು.

“ಆಕಿ ತಿರುಗಿ ಗಂಡನ ಮನಿಗೆ ಹೋದ್ಲೋ ಇಲ್ಲೋ ಅನ್ನೂದು ಅದರಾಗ ಇತ್ತು.”

“ನಿನಗ ನೆನಪಿಲ್ಲೇನು ಅವ್ವಾ?”

“ನೆನಪಿದ್ರ ಯಾಕ ಇಟ್ಕೋತಿದ್ದೆ?”

ನೀರು ಹಚ್ಚಿ ಬಿಡಿಸಲು ನೋಡಿದೆ. ಹೆಂಗಸಿನ ಒಂದು ಕೈ ಕಿತ್ತು ಬಂತು, ಅಕ್ಷರ ಒಂದೂ ಬರಲಿಲ್ಲ. ಅವ್ವ ಬೈಯಲಿಲ್ಲ. ಪುಸ್ತಕ ತೆಗೆದುಕೊಂಡು ನಡುವಿನ ಒಂದು ಪುಟ ತೆರೆದು ನನ್ನ ಮುಂದಿಟ್ಟಳು. ಅಲ್ಲಿ ಅಚ್ಚಿನ ಪುಟದ ಬದಲು ನೋಟ್‌ಬುಕ್ಕಿನ ಎರಡು ಗೆರೆಹಾಳೆಗಳನ್ನು ಹೊಲಿದಿತ್ತು. ಬಾಲ್‌ಪೆನ್ನಿನ ಗುಂಡು ಅಕ್ಷರ, ಅವ್ವನದೇ. ನಾನು ಹುಟ್ಟಿದ ವಾರ ಆಕೆ ದವಾಖಾನೆಯಲ್ಲಿದ್ದಳಂತೆ. ಗಡಿಬಿಡಿಯಲ್ಲಿ ಅಪ್ಪ ಪತ್ರಿಕೆ ತರುವುದನ್ನು ಮರೆತಿದ್ದ. ಆ ಕಂತಿನ ಕಥೆಯನ್ನು ಮಗ್ಗಲ ಮನೆಯ ಕಾಕು ಬಾಯಿಂದ ಹೇಳಿದ್ದಳು, ಅವ್ವ ಬರೆದುಕೊಂಡಿದ್ದಳು. ಒಂದು ಸಾಲಿನ ಕೆಳಗೆ ‘ಇಲ್ಲಿ ಕಾಕುಗೆ ಸರಿ ನೆನಪಿಲ್ಲ’ ಎಂದೂ ಇತ್ತು. ಮೂರು ವರ್ಷದಿಂದ ಸಂಪಾದಕರಿಗೆ ಬರೆದ ಪತ್ರಗಳಲ್ಲಿ ನಾನು ಓದುಗರನ್ನು ಹುಡುಕುತ್ತಿದ್ದೆ. ಅಟ್ಟ ಹತ್ತಿ ನೋಡಿರಲಿಲ್ಲ.

ರಜೆ ಮುಗಿಸಿ ಬಂದವಳೇ ಆ ಸಂಚಿಕೆ ಹುಡುಕಿದೆ. ಒಂದು ಗ್ರಂಥಾಲಯದಲ್ಲಿ ಆ ವರ್ಷದ ಸಂಪುಟ ಸಿಕ್ಕಿತು. ಕೊನೆಯ ಕಂತಿನ ಪುಟ ತೆರೆದರೆ, ಅದೇ ಜಾಗದಲ್ಲಿ ನೀಟಾದ ಒಂದು ಚೌಕ ತೂತು. ಯಾರೋ ಬ್ಲೇಡು ಹಾಕಿದ್ದರು. ಹೀಗೆ ಪುಟ ಕೊಯ್ದವರಿಗೆ ನಾನು ಎಷ್ಟು ಸಲ ಶಾಪ ಹಾಕಿದ್ದೇನೋ ಲೆಕ್ಕವಿಲ್ಲ. ಅಂದು ಶಾಪ ಬಾಯಿಗೆ ಬರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕಿಟಕಿಯ ಹೆಂಗಸೋ, ಹಿಂದಿನ ಸಾಲುಗಳೋ? ಆ ತೂತಿನ ಫೋಟೊ ತೆಗೆದುಕೊಂಡೆ. ಅದು ಈಗ ನನ್ನ ಎರಡನೇ ಅಧ್ಯಾಯದಲ್ಲಿದೆ, ಅವ್ವನ ಗೆರೆಹಾಳೆಗಳ ಪಕ್ಕದಲ್ಲಿ.

ಕೊಲಾಜ್ ಬಿಟ್ಟಿಲ್ಲ. ಕತ್ತರಿ ಹಾಕುವ ಮುಂಚೆ ಹಾಳೆ ತಿರುಗಿಸಿ ಓದುತ್ತೇನೆ. ಎಷ್ಟೋ ಸಲ ಹಿಂದೆ ಇರುವುದೇ ಮುಂದಿನ ಚಿತ್ರವನ್ನು ಹೊಳೆಸುತ್ತದೆ: ಸೀರೆ ಜಾಹೀರಾತಿನ ಹಿಂದೆ ಶ್ರದ್ಧಾಂಜಲಿ, ಅಡುಗೆ ಅಂಕಣದ ಹಿಂದೆ ಬರಗಾಲದ ಸುದ್ದಿ. ಕೆಲವನ್ನು ಓದಿ ಕತ್ತರಿಸದೆ ಹಾಗೇ ಇಟ್ಟುಬಿಡುತ್ತೇನೆ. ಕತ್ತರಿಸಿ ಉಳಿದ ತೂತಿನ ಹಾಳೆಗಳನ್ನೂ ಈಗ ಎಸೆಯುವುದಿಲ್ಲ. ಅವಕ್ಕೇ ಒಂದು ಲಕೋಟೆಯಿದೆ.

ಆ ಸಂಚಿಕೆಯ ಇನ್ನೊಂದು ಪ್ರತಿಗಾಗಿ ರದ್ದಿ ಅಂಗಡಿಗಳಲ್ಲಿ ಹೇಳಿಟ್ಟಿದ್ದೇನೆ. ಫೋನು ಮಾಡಿದಾಗಲೆಲ್ಲ ಅವ್ವ ಕೇಳುತ್ತಾಳೆ, “ಸಿಕ್ತೇನು?”

ಇನ್ನೂ ಸಿಕ್ಕಿಲ್ಲ.