ಉಕ್ಕಿನ ಪಟ್ಟಿಯ ಮೇಲಣ ಗೀರು

ಮೂವತ್ತೈದು ವರ್ಷಕಾಲ ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದವನು ಮೋಟಾರು ಕಾರಿನ ಗೀರನ್ನು ಕುರಿತು ಬರೆಯಹೊರಟರೆ ವಾಚಕರು ನಕ್ಕಾರು. ನಗಲಿ. ಆ ಗೀರಿನ ದೆಸೆಯಿಂದ ನಾನು ಒಂದು ಮಗುವಿಗೆ ಅನ್ಯಾಯ ಮಾಡಿದೆನಾದ್ದರಿಂದ ಹೇಳಿಕೊಳ್ಳದೆ ವಿಧಿಯಿಲ್ಲ.

ನಮ್ಮದು ಬೇಗೂರು. ಮಗನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗಸ್ಥನು. ಕಂಪೆನಿಯ ಬಸ್ಸಿನಲ್ಲಿಯೇ ಹೋಗಿಬರುವನಾದಕಾರಣ ಅವನ ಕಾರು ವಾರದಲ್ಲಿ ಬಹುದಿನ ಮನೆಯ ಮುಂದೆ ನಿಂತಿರುತ್ತದೆ. ಅದರ ಬಾಗಿಲುಗಳ ಗಾಜಿನ ಕೆಳಗೆ ಹೆಬ್ಬೆರಳಗಲದ, ತುಕ್ಕುಹಿಡಿಯದ ಉಕ್ಕಿನ ಪಟ್ಟಿಯೊಂದು ಕನ್ನಡಿಯಂತೆ ಹೊಳೆಯುತ್ತ ಉದ್ದಕ್ಕೂ ಸಾಗಿದೆ. ನಿವೃತ್ತನಾದವನಿಗೆ ಬೆಳಗಿನ ಹೊತ್ತು ಏನಾದರೊಂದು ಕೆಲಸ ಬೇಕಷ್ಟೆ; ಸ್ನಾನಜಪಗಳು ಮುಗಿದಮೇಲೆ ಹಳೆಯ ಪಂಚೆಯ ತುಂಡಿನಿಂದ ಆ ಕಾರಿನ ಧೂಳನ್ನು ಒರಸುವ ಕೈಂಕರ್ಯವನ್ನು ನಾನಾಗಿಯೇ ವಹಿಸಿಕೊಂಡಿದ್ದೆನು.

ಕಳೆದ ಮಾಘಮಾಸದ ಒಂದು ದಿನ, ಎಳೆಬಿಸಿಲು ಓರೆಯಾಗಿ ಬಿದ್ದಾಗ ನೋಡುತ್ತೇನೆ, ಪಟ್ಟಿಯ ತುಂಬ ಗೀರುಗಳು! ಪಕ್ಕದಲ್ಲಿಯೇ ಎಂಟು ವರ್ಷದ ಮೊಮ್ಮಗನ ಸೈಕಲ್ಲು ಕಾರಿಗೊರಗಿ ನಿಂತಿತ್ತು. ಇನ್ನು ವಿಚಾರಣೆಯೇಕೆ? ನೆರೆಮನೆಯವರ ಎದುರಿಗೇ ಹುಡುಗನನ್ನು ಕರೆದು ಗದರಿಸಿದೆನು. "ನಾನಲ್ಲ ತಾತ" ಎಂದನು. ಮಾಡಿದ್ದಲ್ಲದೆ ಸುಳ್ಳು ಬೇರೆ ಹೇಳುವೆಯಾ ಎಂದು ಇನ್ನೂ ನಾಲ್ಕು ಮಾತು ಹೆಚ್ಚಾಗಿಯೇ ಆಡಿದೆನು. ಸೈಕಲ್ಲು ಅಟ್ಟವನ್ನೇರಿತು. ಮೂರು ದಿನ ಹುಡುಗನು ನನ್ನ ಪಕ್ಕದಲ್ಲಿ ಊಟಕ್ಕೆ ಕೂರಲಿಲ್ಲ.

ಗೀರನ್ನಾದರೂ ಮನೆಯಲ್ಲಿಯೇ ತೆಗೆಯೋಣವೆಂದು, ಟಿಂಕರಿಂಗ್ ಕೆಲಸದವನೊಬ್ಬನನ್ನು ವಿಚಾರಿಸಿದೆನು. "ಮೇಷ್ಟ್ರೇ, ಅದು ಸ್ಟೀಲೋ, ಕ್ರೋಮ್ ಪ್ಲೇಟಿಂಗೋ?" ಎಂದು ಅವನು ಕೇಳಿದನು. ಅಯಸ್ಕಾಂತವನ್ನು ಹಿಡಿದು ನೋಡಿದ್ದೇನೆ, ಅಂಟಿಕೊಳ್ಳುತ್ತದೆ, ಆದ್ದರಿಂದ ಉಕ್ಕೇ ಎಂದೆನು. ಅವನು ನಕ್ಕನು. ಕ್ರೋಮಿಯಮ್ ಲೇಪಿಸಿದ ಸಾದಾ ಕಬ್ಬಿಣವೂ ಅಂಟಿಕೊಳ್ಳುತ್ತದೆ. ಅಡಿಗೆಮನೆಯ ಸ್ಟೀಲು ಪಾತ್ರೆಗಳಲ್ಲಿ ಎಷ್ಟೋ ಅಂಟಿಕೊಳ್ಳುವುದೇ ಇಲ್ಲ! ತರ್ಕಶಾಸ್ತ್ರದಲ್ಲಿ ಇಂಥದಕ್ಕೆ ಸವ್ಯಭಿಚಾರ ಹೇತುವೆಂದು ಹೆಸರು. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ ಎಂದು ನಾನೇ ಎಷ್ಟು ವರ್ಷ ಪಾಠ ಹೇಳಿದ್ದೆನೋ! ಆತನೇ ಬಂದು, ಪಟ್ಟಿಯ ಅಂಚು ಒಳಕ್ಕೆ ಮಡಿಸಿರುವ ಕಡೆಯನ್ನೂ ಗೀರಿನ ತಳವನ್ನೂ ಪರೀಕ್ಷಿಸಿ, ಎಲ್ಲಿಯೂ ಬೇರೆ ಬಣ್ಣ ಕಾಣದಿರಲು, ಗಟ್ಟಿ ಉಕ್ಕೇ ಎಂದು ನಿರ್ಣಯಿಸಿದನು. ಲೇಪನವಾಗಿದ್ದರೆ ಉಜ್ಜುವಂತಿಲ್ಲ, ಅದು ಕೂದಲೆಳೆಗಿಂತಲೂ ತೆಳುವು, ಹೋದದ್ದು ಮರಳಿ ಬಾರದು.

ಉಕ್ಕಿನ ರೀತಿಯೇ ಬೇರೆ. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿಯು ಎರಕಹೊಯ್ಯಿಸಿದ ಉಕ್ಕಿನ ಸಂತತಿಯಿದು. ನೂರರಲ್ಲಿ 10.5 ಭಾಗಕ್ಕೆ ಕಡಮೆಯಿಲ್ಲದಂತೆ ಇದರಲ್ಲಿ ಕ್ರೋಮಿಯಮ್ ಬೆರೆತಿರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದ ಪೊರೆಯೊಂದನ್ನು ಹೊದೆಯುತ್ತದೆ. ಉಜ್ಜಿ ತೆಗೆದರೆ ತಾನೇ ಮತ್ತೆ ಹೊದೆಯುತ್ತದೆ.

ಕೆಲಸದ ಕ್ರಮವನ್ನು ಹೇಳುತ್ತೇನೆ. ಮೊದಲು ಸೋಪಿನ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಪಟ್ಟಿಯ ಮೇಲೂ ಕೆಳಗೂ ಇರುವ ಬಣ್ಣಕ್ಕೂ ಗಾಜಿಗೂ ಅಂಟುಕಾಗದವನ್ನು ಎರಡು ಪದರವಾಗಿ ಹಚ್ಚಬೇಕು; ಇದರಲ್ಲಿ ಆಲಸ್ಯ ಮಾಡಿದರೆ ಒಂದು ಗೀರು ಹೋಗಿ ಹತ್ತಾದಾವು. ಬಳಿಕ ಉಗುರಿನಿಂದ ಅಡ್ಡಲಾಗಿ ಸವರಿ ನೋಡುವುದು. ಉಗುರು ತಡೆಯದಿದ್ದರೆ ಗೀರು ಮೇಲುಮೇಲಿನದು. ಬಣ್ಣದ ಕೆಲಸದವರು ವಾಟರ್ ಪೇಪರೆನ್ನುವ ಉಪ್ಪುಕಾಗದದಲ್ಲಿ 1000ದ ಅಂಕಿಯದರಿಂದ ತೊಡಗಿ, 1500, 2000 ಎಂದು ಏರುತ್ತ ಹೋದರೆ ಸಾಕು. ಅಂಕಿ ಏರಿದಷ್ಟೂ ಕಾಗದ ನಯ. ಉಗುರು ತಡೆದರೆ 600ರಿಂದ ಆರಂಭಿಸಬೇಕು. ಕಾಗದವನ್ನು ನೆನೆಸಿ, ಚಿತ್ರ ಅಳಿಸುವ ದಪ್ಪ ರಬ್ಬರಿಗೆ ಸುತ್ತಿ (ಇದು ಮೇಷ್ಟರ ಉಪಾಯ), ಹಗುರವಾಗಿ ಉಜ್ಜುವುದು. ಒಂದು ಕಾಗದವನ್ನು ತುಸು ಓರೆಯಾಗಿ ನಡೆಸಿದರೆ ಮುಂದಿನದನ್ನು ನೇರವಾಗಿ ನಡೆಸಬೇಕು. ಆಗ ಹಿಂದಿನ ಕಾಗದದ ಗುರುತು ಪೂರ್ತಿ ಹೋಯಿತೋ ಇಲ್ಲವೋ ಕಣ್ಣಿಗೆ ತಿಳಿಯುತ್ತದೆ. ಕಾಗದ ಬದಲಿಸುವಾಗಲೆಲ್ಲ ತೊಳೆಯತಕ್ಕದ್ದು. ಒರಟು ಕಣವೊಂದು ಉಳಿದರೂ ಮೊದಲಿನಿಂದ ಮಾಡಬೇಕಾದೀತು. ಕೊನೆಗೆ ಲೋಹದ ಪಾಲಿಷನ್ನು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಹಚ್ಚಿ, ಹೊಳಪು ಬರುವವರೆಗೆ ತಿಕ್ಕುವುದು. ಹೊಳಪಿಲ್ಲದೆ ಸಣ್ಣ ಗೆರೆಗಳನ್ನೇ ಇಟ್ಟು ಮಾಡಿದ ಪಟ್ಟಿಯಾದರೆ ಗೆರೆಯ ದಿಕ್ಕನ್ನು ಬಿಟ್ಟು ಉಜ್ಜಲಾಗದು. ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನಂತೂ ಮುಟ್ಟಿಸಬಾರದು. ಅದರ ಚೂರುಗಳು ಉಕ್ಕಿನಲ್ಲಿ ಕಚ್ಚಿಕೊಂಡು ತುಕ್ಕುಹಿಡಿಯುತ್ತವೆ.

ಒಂದು ಪಕ್ಕ ಮುಗಿಯಲು ಎರಡು ಬೆಳಗು ಹಿಡಿಯಿತು. ತೋಳಿನ ನೋವಿಗೆ ಮನೆಯಾಕೆ ಬಿಸಿನೀರಿನ ಶಾಖ ಕೊಟ್ಟಳು. ಮೂರನೆಯ ದಿನ ಗೋಡೆಯ ಕಡೆಯ ಪಕ್ಕಕ್ಕೆ ನುಸುಳಿದೆನು. ಅಲ್ಲಿ ನನ್ನ ಮೈಯೇ ಓರೆಯಾಗಿ ಹೋಗಬೇಕು, ಸೈಕಲ್ಲು ಹೋಗುವಂತಿಲ್ಲ. ನೋಡಿದರೆ ಅಲ್ಲಿಯೂ ಅವೇ ಗೀರುಗಳು! ಒಂದೆರಡಲ್ಲ, ನೂರಾರು ಸಣ್ಣ ಗೆರೆಗಳು. ಎಲ್ಲವೂ ಕೈ ಬೀಸಿ ಒರಸುವವನ ತೋಳಿನಂತೆ ತುಸು ಬಾಗಿದವು. ಎದೆ ಧಸಕ್ಕೆಂದಿತು. ಅಟ್ಟದಿಂದ ಸೈಕಲ್ಲನ್ನಿಳಿಸಿ ಕಾರಿನ ಪಕ್ಕದಲ್ಲಿ ನಿಲ್ಲಿಸಿದೆನು. ಅದರ ಹಿಡಿ ಪಟ್ಟಿಗಿಂತ ಒಂದು ಗೇಣು ಕೆಳಗೇ ನಿಂತಿತು. ಧೂಳು ತುಂಬಿದ ಪಂಚೆಯ ತುಂಡಿನಿಂದ ಹಳೆಯ ಸ್ಟೀಲು ತಟ್ಟೆಯೊಂದನ್ನು ಒಣದಾಗಿ ಒರಸಿದೆನು. ತಟ್ಟೆಯ ಮೇಲೂ ಅವೇ ಗೆರೆಗಳೆದ್ದವು.

ನಮ್ಮ ಸೀಮೆಯ ಬಂಡೆಯಲ್ಲಿ ಬೆಣಚುಕಲ್ಲಿನ ಅಂಶ ಬಹಳ. ಕಟ್ಟಡ ಕಟ್ಟುವ, ರಸ್ತೆ ಅಗೆಯುವ ಕಡೆಯೆಲ್ಲ ಅದೇ ಪುಡಿಯಾಗಿ ಹಾರಿ ಬಂದು ಕೂರುತ್ತದೆ. ಕಾಠಿಣ್ಯದ ಮೋಸ್ ಮಾನದಲ್ಲಿ ಬೆಣಚುಕಲ್ಲಿಗೆ 7ನೆಯ ಸ್ಥಾನ. ಈ ಉಕ್ಕು ಅದಕ್ಕಿಂತ ಕೆಳಗಿನದು. ನಾನು ದಿನದಿನವೂ ಭಕ್ತಿಯಿಂದ ಉಕ್ಕನ್ನು ಮರಳಿನಲ್ಲಿ ಉಜ್ಜುತ್ತಿದ್ದೆನು. ನಮ್ಮೂರ ನಾಗೇಶ್ವರ ದೇವಾಲಯದಲ್ಲಿ ಬೆಂಗಳೂರಿನ ಕಾಳಗವನ್ನು ಹೇಳುವ, ಸುಮಾರು ಕ್ರಿ.ಶ. 890ರ ಶಿಲಾಶಾಸನವುಂಟು. ಕಲ್ಲಿನ ಮೇಲಿನ ಆ ಗೀರುಗಳನ್ನು ಓದಬಲ್ಲೆನೆಂದು ಜಂಬಪಡುತ್ತಿದ್ದವನಿಗೆ ತನ್ನ ಕೈಬರಹವೇ ಗುರುತು ಸಿಕ್ಕಲಿಲ್ಲ.

ಗದರಿಸಿದ್ದು ನೆರೆಯವರ ಎದುರಿಗಾದ್ದರಿಂದ ಅವರೆದುರಿಗೇ ಹುಡುಗನನ್ನು ಕರೆದು, "ತಪ್ಪು ನನ್ನದು ಮಗು, ನೀನು ನಿಜವನ್ನೇ ಹೇಳಿದ್ದೆ" ಎಂದೆನು. ಅರವತ್ತು ವರ್ಷದವನಿಗೆ ಆ ಮಾತು ಗಂಟಲಿನಿಂದ ಸುಲಭವಾಗಿ ಹೊರಡಲಿಲ್ಲ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ಸೈಕಲ್ಲು?" ಎಂದನು. ಕಾರಿನ ಪಕ್ಕದಲ್ಲಿ ನಿಂತಿದ್ದ ಅದನ್ನು ತೋರಿಸಿದೆನು.

ಈಗ ಒಣಬಟ್ಟೆಯನ್ನು ಬಿಟ್ಟಿದ್ದೇನೆ. ಮೊದಲು ನೀರು ಸುರಿದು ಧೂಳನ್ನು ಇಳಿಸಿ, ಆಮೇಲೆ ಒದ್ದೆಬಟ್ಟೆಯಿಂದ ಒರಸುವುದು. ರಜೆಯ ದಿನಗಳಲ್ಲಿ ನೀರು ಸುರಿಯುವವನು ಮೊಮ್ಮಗನೇ. ಅದರಲ್ಲಿ ಅರ್ಧಪಾಲು ನನ್ನ ಪಂಚೆಯ ಮೇಲೆ ಬೀಳುತ್ತದೆ.