ಮಣ್ಣು ಮುಟ್ಟದ ಗೆರೆ

ಭೂಪಟದ ಮೇಲೆ ಬೆರಳಾಡಿಸುವುದು ನನ್ನ ಹಳೆಯ ಚಟ. ಕನ್ನಡ ಪಾಠ ಹೇಳುವವನಿಗೆ ಅಕ್ಷಾಂಶಗಳ ಗೊಡವೆ ಏಕೆಂದು ಮನೆಯಲ್ಲಿ ಕೇಳುವುದುಂಟು. ರಜೆಯೂ ಸಂಬಳವೂ ಸಾಲದವನಿಗೆ ಇದಕ್ಕಿಂತ ಅಗ್ಗದ ದೇಶಾಟನೆ ಯಾವುದಿದೆ, ನೀವೇ ಹೇಳಿ.

ಉತ್ತರದ 60ನೆಯ ಅಕ್ಷಾಂಶದ ಗುಂಟ ಹೊರಟರೆ ದಾರಿಯುದ್ದಕ್ಕೂ ನಂಟರ ಮನೆಗಳಿದ್ದಂತೆ. ಆಸ್ಲೊ, ಹೆಲ್ಸಿಂಕಿ, ಸೇಂಟ್ ಪೀಟರ್ಸ್‌ಬರ್ಗ್ ನಗರಗಳು ಅದರ ಮಗ್ಗುಲಲ್ಲೇ ಇವೆ. ಮುಂದೆ ಸೈಬೀರಿಯ, ಅಲಾಸ್ಕ, ಕೆನಡ. ದಕ್ಷಿಣದ 60ಕ್ಕೆ ಬನ್ನಿ: ಸುಮಾರು 20,000 ಕಿಲೊಮೀಟರ್ ಸುತ್ತಿ ಬಂದರೂ ಹಿಡಿ ಮಣ್ಣು ಸಿಗದು. ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರ 56ರ ಹತ್ತಿರವೇ ನಿಂತುಬಿಟ್ಟಿದೆ. ದಕ್ಷಿಣ ಆರ್ಕ್ನಿ ದ್ವೀಪಗಳು ಗೆರೆಯ ಆಚೆ, ಸ್ವಲ್ಪದರಲ್ಲೇ ತಪ್ಪಿಸಿಕೊಂಡಿವೆ.

ಅಡ್ಡಗಟ್ಟುವ ನೆಲವಿಲ್ಲದ್ದರಿಂದ ಆ ಕಡಲಿನಲ್ಲಿ ಪಡುವಣ ಗಾಳಿಗೆ ಲಗಾಮಿಲ್ಲ; ಅಂಟಾರ್ಕ್ಟಿಕವನ್ನು ಸುತ್ತುವ ಮಹಾಪ್ರವಾಹವೂ ಮೂಡಣಕ್ಕೆ ಹರಿಯುತ್ತಲೇ ಇರುತ್ತದೆ. ನಾವಿಕರು ಅಲ್ಲಿಯ ನಲವತ್ತುಗಳನ್ನು ಗರ್ಜಿಸುವವು, ಐವತ್ತುಗಳನ್ನು ಕೆರಳಿದವು, ಅರವತ್ತುಗಳನ್ನು ಚೀರುವವು ಎಂದು ಕರೆದರು. ವಯಸ್ಸಿನಲ್ಲಿ ನಾನೂ ನಲವತ್ತುಗಳಲ್ಲಿರುವವನೇ. ನನ್ನ ಗರ್ಜನೆ ಮಾತ್ರ ತರಗತಿಯ ಕೊನೆಯ ಬೆಂಚನ್ನೂ ಮುಟ್ಟುವುದಿಲ್ಲ.

ಇಂಥ ಕಡೆ ಜಗಳಕ್ಕೇನಿದೆ ಎನ್ನುವಿರಾ? ಗೆರೆಯಿಂದ ದಕ್ಷಿಣಕ್ಕಿರುವ ಹಿಮಖಂಡದ ಮೇಲೆ ಏಳು ರಾಷ್ಟ್ರಗಳು ಹಕ್ಕು ಸಾರಿದ್ದವು. ಒಬ್ಬರ ಪಾಲು ಇನ್ನೊಬ್ಬರ ಪಾಲಿನ ಮೇಲೆ ಬಿದ್ದದ್ದೂ ಉಂಟು. 1952ರಲ್ಲಿ ಹೋಪ್ ಕೊಲ್ಲಿಯಲ್ಲಿ ದಡಕ್ಕಿಳಿದ ಬ್ರಿಟಿಷರ ತಲೆಯ ಮೇಲಿನಿಂದ ಅರ್ಜೆಂಟೀನದವರು ಗುಂಡು ಹಾರಿಸಿದರು. ಬಿತ್ತಿ ಬೆಳೆಯಲಾಗದ ನೆಲಕ್ಕೂ ಬಂದೂಕು ಬಂತು.

ಹೀಗಿರುವಾಗ 1959ರ ಡಿಸೆಂಬರ್ 1ರಂದು ಹನ್ನೆರಡು ರಾಷ್ಟ್ರಗಳು ವಾಷಿಂಗ್ಟನ್ನಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. 60ರಿಂದ ದಕ್ಷಿಣಕ್ಕೆ ಸೈನ್ಯದ ನೆಲೆ ಕೂಡದು, ಅಣುಸ್ಫೋಟ ಕೂಡದು, ವಿಜ್ಞಾನಿಗೆ ತಡೆಯಿರಕೂಡದು. ಹಕ್ಕಿನ ಮಾತೇನಾಯಿತು? ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಹಳೆಯದು ಇದ್ದ ಹಾಗೇ ಇರಲಿ, ಹೊಸದು ಬೇಡ ಎಂದರು. 1983ರಲ್ಲಿ ನಮ್ಮ ದೇಶವೂ ಸೇರಿತು. ಅಲ್ಲಿ ನಾವು ಕಟ್ಟಿದ ಮೊದಲ ನೆಲೆ ದಕ್ಷಿಣ ಗಂಗೋತ್ರಿ. ಅದನ್ನು ಹಿಮವೇ ಮುಚ್ಚಿಹಾಕಿತು. ಅನಂತರ ಕಟ್ಟಿದ್ದಕ್ಕೆ ಮೈತ್ರಿ ಎಂದು ಹೆಸರಿಟ್ಟರು. ಒಪ್ಪಂದದ ನೆಲಕ್ಕೆ ಒಪ್ಪುವ ಹೆಸರು.

ವ್ಯಾಜ್ಯ ತೀರಿದ ಮೇಲೆ ತಾನೆ ಸ್ನೇಹ ಎಂದು ನಾವು ತಿಳಿದಿದ್ದೇವೆ. ಅಲ್ಲಿ ವ್ಯಾಜ್ಯ ತೀರಿಲ್ಲ, ಬದಿಗಿಟ್ಟಿದ್ದಾರೆ, ಅಷ್ಟೆ. ಬದಿಗಿಡುವುದು ಸುಲಭವಲ್ಲವೆಂದು ನಾನು ಬಲ್ಲೆ. ಮೊಳದಗಲದ ಬದುವಿನ ಸಲುವಾಗಿ ನಮ್ಮ ತಂದೆಯವರೂ ದೊಡ್ಡಪ್ಪನವರೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ದೊಡ್ಡಪ್ಪ ಹಾಸಿಗೆ ಹಿಡಿದರೆಂದು ತಿಳಿದ ಸಂಜೆ ತಂದೆ ಎದ್ದು, ಅದೇ ಬದುವಿನ ಮೇಲೆ ನಡೆದು, ಅವರ ಮನೆಗೆ ಹೋದರು. ತಕರಾರಿನ ಕಾಗದ ಕಚೇರಿಯಲ್ಲಿ ಆಗಲೂ ಹಾಗೇ ಇತ್ತು. ಬದು ಯಾರದೆಂದು ಇಬ್ಬರೂ ಅಂದು ಕೇಳಲಿಲ್ಲ.